ನನ್ನ ಕೋಳಿ ಗೂಡಿಗೆ ಬಂದ ಈಶಾನ್ಯದ ನೀರು

ಆಗ ನನಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ವರ್ಷ. ಅದಾಗಿ ಅರವತ್ತು ವರ್ಷ ದಾಟಿದೆ. ಆದರೂ ಆ ಕಾರ್ತಿಕದ ಮಳೆ ನೆನೆಸಿಕೊಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಮಳೆಯ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟೆಲ್ಲ ಇಬ್ಬರು ಗಂಡಸರ ಮೇಲೆ. ಇಬ್ಬರೂ ಸತ್ತು ಎಷ್ಟೋ ಕಾಲವಾಯಿತು. ಸತ್ತರೆ ಮಾಡಿದ್ದು ಸರಿಯಾಗಿಬಿಡುತ್ತದೆಯೇ?

ಕೋಳಿ ಸಾಕಿದರೆ ಮನೆ ಗಲೀಜು ಎನ್ನುವವರನ್ನು ನಾನು ಬಹಳ ಕಂಡಿದ್ದೇನೆ. ಅವರಲ್ಲಿ ಒಬ್ಬರೂ ಒಂದು ದಿನ ಗೂಡು ಕೆರೆದವರಲ್ಲ. ಒಣ ನೆಲ ಕೊಟ್ಟು ನೋಡಿ. ಕೋಳಿ ತಾನೇ ಮಣ್ಣು ಕೆದಕಿ, ಹೊರಳಾಡಿ, ರೆಕ್ಕೆ ಸಂದಿಗೆಲ್ಲ ಧೂಳು ತುಂಬಿಕೊಂಡು ಕೊಡವಿಕೊಳ್ಳುತ್ತದೆ. ಅದೇ ಅದರ ಸ್ನಾನ. ನೆಲ ಒದ್ದೆಯಾಯಿತೋ, ಹಿಕ್ಕೆ ಕೆಸರಿನಲ್ಲಿ ಕಲಸಿ ಕೊಳೆಯುತ್ತದೆ, ಕಾಲಿಗೆ ಹುಣ್ಣು ಬರುತ್ತದೆ, ಮೂಗು ಕಟ್ಟಿ ಗೊರಗೊರ ಎನ್ನುತ್ತವೆ. ಆ ಮೇಲೆ ಒಂದರ ಹಿಂದೆ ಒಂದು ತೂಕಡಿಸಿ ಬೀಳುತ್ತವೆ.

ನಮ್ಮ ಹಿತ್ತಲಲ್ಲಿದ್ದ ಗೂಡು ಕಲ್ಲು ಚಪ್ಪಡಿಯದು. ಮೇಲೊಂದು ಚಪ್ಪಡಿ, ಮುಂದೆ ಹಲಗೆ. ದಿನಾ ಬೆಳಿಗ್ಗೆ ಹಲಗೆ ತೆಗೆದು, ಹಿಕ್ಕೆ ಕೆರೆದು ತಿಪ್ಪೆಗೆ ಹಾಕಿ, ಒಲೆ ಬೂದಿಯನ್ನು ಅಂಗೈ ದಪ್ಪ ಹರಡಿ, ಅದರ ಮೇಲೆ ರಾಗಿ ಹೊಟ್ಟು ಹಾಕುತ್ತಿದ್ದೆ. ಬೂದಿ ತೇವ ಹೀರುತ್ತದೆ, ಹೇನನ್ನೂ ಹತ್ತಿರ ಬಿಡುವುದಿಲ್ಲ. ಸಂಜೆ ಒಂದು ಹಿಡಿ ಬೇವಿನ ಸೊಪ್ಪಿನ ಹೊಗೆ. ನನ್ನ ಗೂಡಿಗೆ ಮೂಗಿಟ್ಟರೂ ವಾಸನೆ ಇರುತ್ತಿರಲಿಲ್ಲ.

ಆ ಕೋಳಿಗಳು ಗಂಡನ ಮನೆಯವಲ್ಲ. ಮದುವೆಯಾಗಿ ಬಂದ ವರ್ಷ ನನ್ನ ಅವ್ವ ಒಂದು ಹ್ಯಾಟೆ ಕೋಳಿಯನ್ನು ನನಗೆ ವಾರಕ್ಕೆ ಕೊಟ್ಟಿದ್ದಳು. ವಾರಕ್ಕೆ ಅಂದರೆ, ಕೋಳಿ ಅವಳದು, ಸಾಕುವ ಕೆಲಸ ನನ್ನದು, ಮರಿಯಾದಾಗ ಅರ್ಧ ಅವಳಿಗೆ, ಅರ್ಧ ನನಗೆ. ಆ ಒಂದರಿಂದ ಹಿತ್ತಲು ತುಂಬಿತ್ತು. ಆ ಮನೆಯಲ್ಲಿ ಉಟ್ಟ ಸೀರೆಯೂ ನನ್ನದು ಎನ್ನುವ ಹಾಗಿರಲಿಲ್ಲ. ನನ್ನದು ಎನ್ನುವುದಕ್ಕೆ ಇದ್ದದ್ದು ಆ ಅರ್ಧ ಪಾಲಿನ ಕೋಳಿ.

ನಮ್ಮದು ಸಿದ್ದಾಪುರದ ಈಚೆ. ಜಯನಗರದ ಸೈಟುಗಳು ಹೊಲಗಳನ್ನು ನುಂಗಿಕೊಂಡು ನಮ್ಮ ಹಿತ್ತಲ ಗೋಡೆ ತನಕ ಬಂದಿದ್ದವು. ಹಿತ್ತಲ ಹಿಂದಿನ ದಿಣ್ಣೆಯಲ್ಲಿ ಒಬ್ಬರು ಹೊಸ ಮನೆ ಕಟ್ಟಿಸಿದರು. ಸರ್ಕಾರಿ ಕಚೇರಿಯಲ್ಲಿ ದೊಡ್ಡ ಗುಮಾಸ್ತರಾಗಿದ್ದು ರಿಟೈರಾದವರು, ದಿನಾ ಹಣೆ ತುಂಬ ವಿಭೂತಿ ಹಚ್ಚುವವರು, ಮಾಂಸ ಮುಟ್ಟದವರು. ನಾವು ಮೇಲ್ಮನೆಯವರು ಎನ್ನುತ್ತಿದ್ದೆವು. ಕಾಂಪೌಂಡು ಎತ್ತಿಸಿ, ಮೂಲೆಯಲ್ಲಿ ನೀರು ಹೋಗಲು ಒಂದು ಕಿಂಡಿ ಬಿಡಿಸಿದರು. ಅವರ ಬಾಗಿಲ ಮುಂದೆಯೇ ಸರ್ಕಾರದವರು ಕಲ್ಲು ಕಟ್ಟಿದ ಮೋರಿ ಇತ್ತು. ಆದರೂ ಕಿಂಡಿ ಬಿಟ್ಟಿದ್ದು ನಮ್ಮ ಹಿತ್ತಲಿಗೆ. ಯಾಕೆಂದರೆ ಮನೆಯ ನೀರು ಈಶಾನ್ಯಕ್ಕೆ ಹರಿಯಬೇಕಂತೆ. ಅವರ ಈಶಾನ್ಯ ಮೂಲೆಯ ಆಚೆಗೆ ಇದ್ದದ್ದು ನನ್ನ ಕೋಳಿ ಗೂಡು.

ಬೇಸಿಗೆಯಲ್ಲಿ ಗೊತ್ತಾಗಲಿಲ್ಲ. ಕಾರ್ತಿಕದಲ್ಲಿ ಮದರಾಸಿನ ಕಡೆಯಿಂದ ಮೋಡ ಬಂದು ಜಡಿಮಳೆ ಹಿಡಿಯಿತು. ಸೂರ್ಯನ ಮುಖ ಇಲ್ಲ, ಹಗಲೂ ಮಬ್ಬು, ಚಳಿ. ಅವರ ತಾರಸಿ ನೀರು, ಬಚ್ಚಲು ನೀರು, ಪಾತ್ರೆ ತೊಳೆದ ನೀರು ಎಲ್ಲ ಆ ಕಿಂಡಿಯಿಂದ ದಬದಬ ಬಿತ್ತು. ನಾನು ಬೆಳಿಗ್ಗೆ ಹಾಕಿದ ಬೂದಿ ಊಟದ ಹೊತ್ತಿಗೆ ಅಂಬಲಿ. ಮತ್ತೆ ಕೆರೆದೆ, ಮತ್ತೆ ಹಾಕಿದೆ. ಸೌದೆ ನೆನೆದು ಒಲೆ ಸರಿಯಾಗಿ ಉರಿಯುತ್ತಿರಲಿಲ್ಲ, ಬೂದಿಗೂ ಬರ ಬಂತು. ಅಕ್ಕಪಕ್ಕದ ಮನೆಗಳಲ್ಲಿ ಬೂದಿ ಬೇಡಿ ತಂದೆ.

"ಪಾತ್ರೆ ತಿಕ್ಕಕ್ಕೆ ಬೂದಿ ಇಲ್ಲ, ನಿನ್ ಕೋಳಿಗೆ ಹಾಸಿಗೆ ಹಾಸ್ತಾ ಇದೀಯ! ದಿಂಬೂ ಕೊಟ್ಬುಡು" ಎಂದರು ಅತ್ತೆ.

"ನೀರು ನಿಂತ್ರೆ ನಾನ್ಯಾಕೆ ಹಾಸ್ಲಿ ಅತ್ತೆ" ಎಂದೆ.

ಮೂರು ಕಲ್ಲಿನ ಮೇಲೆ ಹಲಗೆ ಇಟ್ಟು ಕೋಳಿಗಳನ್ನು ಎತ್ತರಕ್ಕೆ ಕೂರಿಸಿದೆ. ಕಾಲುಗಳನ್ನು ಬಟ್ಟೆಯಲ್ಲಿ ಒರೆಸಿ ಅರಿಶಿನ ಹಚ್ಚಿದೆ. ಏನು ಮಾಡಿದರೂ ಕೆಳಗಿನ ಕೆಸರು ನಾರತೊಡಗಿತು. ಆಗ ಯಾರು ಬಂದರು ಗೊತ್ತೇ? ಮೇಲ್ಮನೆಯವರೇ. ಕೊಡೆ ಹಿಡಿದು, ಮೂಗಿಗೆ ಹೆಗಲ ಮೇಲಿನ ವಲ್ಲಿ ಒತ್ತಿಕೊಂಡು ನಮ್ಮ ಜಗಲಿಗೆ ಬಂದು ಕೂತರು.

"ಗೌಡ್ರೇ, ಹೇಳಕ್ಕೆ ಸಂಕೋಚ. ನಿಮ್ಮ ಕೋಳಿ ವಾಸನೆಗೆ ನಮ್ಮನೇಲಿ ಪೂಜೆಗೆ ಕೂರಕ್ಕಾಗ್ತಿಲ್ಲ."

ನನ್ನ ಮಾವ ಯಾರಿಗೂ ತಲೆಬಾಗುವವರಲ್ಲ. ಆದರೆ ಇಂಗ್ಲಿಷ್ ಪೇಪರು ಓದುವವರು ಜಗಲಿಗೆ ಬಂದು ಕೂತರೆ ಸಾಕು, ಬೆಣ್ಣೆಯಂತೆ ಕರಗುತ್ತಿದ್ದರು. "ಅಯ್ಯೋ ಬುಡಿ ಸ್ವಾಮಿ, ಅದಕ್ಕೇನು, ಸಂತೆಗೆ ಹಾಕುಸ್ಬುಡ್ತೀನಿ" ಎಂದುಬಿಟ್ಟರು.

ಸೊಸೆ ಹೊರಗಿನವರ ಮುಂದೆ ಬರುವ ಹಾಗಿರಲಿಲ್ಲ. ಬಾಗಿಲ ಹಿಂದೆ ನಿಂತೇ ಹೇಳಿದೆ. "ಮಾವ, ವಾಸನೆ ಕೋಳೀದಲ್ಲ. ಅವ್ರ ಕಿಂಡಿ ನೀರು ನಿಂತು ನಾರ್ತಾ ಇದೆ. ಕಿಂಡಿ ಮೋರಿ ಕಡೆ ಇಟ್ಕೊಳಕ್ಕೆ ಹೇಳಿ."

ಮೇಲ್ಮನೆಯವರು ಬಾಗಿಲ ಕಡೆ ತಿರುಗಿ ಮಗುವಿಗೆ ಹೇಳುವಂತೆ ಹೇಳಿದರು. "ನೋಡಮ್ಮ, ಮೋರಿ ಇರೋದು ನೈಋತ್ಯಕ್ಕೆ. ಅತ್ತ ನೀರು ಬಿಟ್ರೆ ಮನೆ ಯಜಮಾನನಿಗೇ ಆಗಲ್ಲ. ಪುರೋಹಿತರನ್ನ ಕೇಳೇ ಕಿಂಡಿ ಇಡ್ಸಿದ್ದು."

"ದಿಟ ಸ್ವಾಮಿ, ನೀರು ಈಶಾನ್ಯಕ್ಕೇ ಹೋಗ್ಬೇಕು" ಎಂದರು ನನ್ನ ಮಾವ, ಅವರೇ ಶಾಸ್ತ್ರ ಬರೆದವರ ಹಾಗೆ.

ಇಬ್ಬರೂ ತಲೆಯಾಡಿಸಿದರು. ನನಗೆ ಒಳಗೊಳಗೇ ಬೆಂಕಿ. ಆ ಮನೆಯ ಯಜಮಾನನಿಗೆ ಆಗಬಾರದ್ದು ನನ್ನ ಕೋಳಿಗೆ ಆಗಬಹುದು. ಯಾವ ದೇವರು ಹೇಳಿದ್ದು ಇದನ್ನು? ಕೊನೆಗೆ ಮಾವ ದೊಡ್ಡ ಮನಸ್ಸು ಮಾಡಿದರು. ಮುಂದಿನ ಸಂತೆಯೊಳಗೆ ವಾಸನೆ ಹೋಗಬೇಕು, ಹೋಗದಿದ್ದರೆ ಕೋಳಿಗಳೇ ಹೋಗಬೇಕು.

ನನ್ನ ಗಂಡನಿಗೆ ಹೇಳಿದೆ. "ಅಪ್ಪನ ಮಾತು" ಎಂದು ಮಗ್ಗುಲು ಬದಲಿಸಿದರು. ಅವರ ವಿಷಯ ಇಷ್ಟೇ ಬರೆಯುವುದಕ್ಕಿರುವುದು.

ಅವ್ವ ಕೊಟ್ಟ ಹ್ಯಾಟೆ ಮುದಿಯಾಗಿತ್ತು. ಆದರೂ ಆ ಸಲ ಕಾವಿಗೆ ಕೂತಿತ್ತು. ಒಂದು ಬಿದಿರು ಮಂಕರಿಗೆ ಹುಲ್ಲು ಹಾಸಿ, ಗೂಡಿನ ಮಗ್ಗುಲಲ್ಲಿ ಕಲ್ಲಿನ ಮೇಲಿಟ್ಟು, ಗೋಣಿ ಮುಚ್ಚಿ ಕೂರಿಸಿದ್ದೆ. ಇನ್ನೇನು ಮರಿ ಒಡೆಯುವ ಹೊತ್ತು. ಸಂತೆಯ ಹಿಂದಿನ ಮಧ್ಯಾಹ್ನ ಮಳೆ ಕೊಡದಲ್ಲಿ ಸುರಿದಂತೆ ಸುರಿಯಿತು. ಮೇಲ್ಮನೆಯಲ್ಲಿ ಅವತ್ತೇ ಯಾವುದೋ ಪೂಜೆ, ನೆಂಟರು, ಕೊಪ್ಪರಿಗೆ ತೊಳೆದ ನೀರು ಬೇರೆ. ನಾನು ಓಡಿಹೋಗುವಷ್ಟರಲ್ಲಿ ಕಲ್ಲು ಉರುಳಿ ಮಂಕರಿ ಮಗುಚಿತ್ತು. ಮೊಟ್ಟೆಗಳು ಪಾಯಸದ ಗೋಡಂಬಿ, ಅನ್ನದ ಅಗುಳಿನ ನಡುವೆ ಕೆಸರಿನಲ್ಲಿ ಬಿದ್ದಿದ್ದವು. ಹ್ಯಾಟೆ ಮಾತ್ರ ಅಲ್ಲೇ ನಿಂತು, ನೀರಿನಲ್ಲಿ ಮುಳುಗಿದ ಹುಲ್ಲಿನ ಮೇಲೆ ಮತ್ತೆ ಕೂರಲು ನೋಡುತ್ತಿತ್ತು. ಒಂದು ಮೊಟ್ಟೆ ಎತ್ತಿಕೊಂಡೆ. ತಣ್ಣಗೆ ಕಲ್ಲಿನ ಹಾಗಿತ್ತು.

ನಾನು ಅಳಲಿಲ್ಲ. ಹ್ಯಾಟೆಯನ್ನು ಅಡುಗೆಮನೆಯ ಒಲೆಯ ಹತ್ತಿರ ಬಿಟ್ಟು ಬಂದು, ಎರಡು ಗೋಣಿಚೀಲ ಸುತ್ತಿ ಆ ಕಿಂಡಿಗೆ ತುರುಕಿದೆ. ಒದ್ದು ಒದ್ದು ತುರುಕಿದೆ. ಸ್ವಲ್ಪ ಹೊತ್ತಿಗೆಲ್ಲ ಗೋಡೆಯ ಆಚೆ ಕೂಗಾಟ. ನೀರು ತಿರುಗಿ ಅವರ ಹಿಂಬಾಗಿಲಿಗೆ ಏರಿತ್ತು. ಮೇಲ್ಮನೆಯವರು ಮಡಿಪಂಚೆ ಎತ್ತಿಕಟ್ಟಿಕೊಂಡು ಬರಿಗಾಲಿನಲ್ಲಿ ನಮ್ಮ ಹಿತ್ತಲಿಗೇ ಬಂದರು. ಹಿಂದೆ ನನ್ನ ಮಾವ.

"ಗೌಡ್ರೇ, ಈಶಾನ್ಯ ಮುಚ್ಚಿದಾರೆ! ಮನೆ ಉದ್ಧಾರ ಆಗುತ್ತಾ?"

ಮಾವ ಕೆಸರಿಗೆ ಇಳಿದು ತಾವೇ ಗೋಣಿಚೀಲ ಎಳೆದು ಬಿಸಾಕಿದರು. ನೀರು ನುಗ್ಗಿ ನನ್ನ ಮೊಣಕಾಲಿಗೆ ಹೊಡೆಯಿತು. "ನಾಳೆ ಸಂತೆ. ಒಂದು ಕೋಳಿ ಈ ಹಿತ್ತಲಲ್ಲಿ ಇರಬಾರ್ದು" ಎಂದರು.

"ಅರ್ಧ ನಮ್ಮವ್ವನವು."

"ನಿಮ್ಮವ್ವನ್ನ ನಾನು ನೋಡ್ಕೋತೀನಿ."

ಹೊರಗಿನವರಿದ್ದಾರೆ ಎನ್ನುವುದು ನನಗೆ ಮರೆತೇ ಹೋಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಂತೆಯೇ ಕೇಳಿದೆ. "ಮಾವ, ಅವ್ರ ನೀರು ಅವ್ರ ಈಶಾನ್ಯಕ್ಕೆ ಬಂತು. ಇಲ್ಲಿಗೆ ಬಂದ್ಮೇಲೆ ನಮ್ಮ ನೀರು. ನಮ್ಮ ಹಿತ್ತಲ ನೀರು ಎತ್ತ ಹೋಗ್ಬೇಕು?"

"ಎತ್ತ ಅಂದ್ರೆ? ಈಶಾನ್ಯಕ್ಕೆ. ಎಲ್ರದೂ ಈಶಾನ್ಯಕ್ಕೇ."

"ಇಲ್ಲಿಗೆ ಈಶಾನ್ಯ ಯಾವ ಕಡೆ? ಒಸಿ ತೋರ್ಸಿ."

ಮಾವ ಕೆಸರು ಕೈ ಎತ್ತಿ ತೋರಿಸಿದರು. ಆ ಕೈ ನಮ್ಮ ಮನೆಯ ಕಡೆಗೇ ಇತ್ತು. ಮನೆಯ ಮಗ್ಗುಲ ಸಂದಿ, ಅದರ ಆಚೆಗೆ ಮುಂಬಾಗಿಲು, ಅಲ್ಲಿ ಅವರು ಹೊತ್ತು ಹುಟ್ಟುವಾಗಿನಿಂದ ಎಲೆಯಡಿಕೆ ಹಾಕಿಕೊಂಡು ಕೂರುವ ಜಗಲಿ. ಅವರಿಗೆ ಅದು ಹೊಳೆಯಲಿಲ್ಲ.

"ಸರಿಯಾಗಿ ಹೇಳಿದ್ರಿ ಗೌಡ್ರೇ" ಎಂದರು ಮೇಲ್ಮನೆಯವರು.

"ಸರಿ ಮಾವ" ಎಂದೆ ನಾನು.

ಮರುದಿನ ಬೆಳಿಗ್ಗೆ ಮಳೆ ನಿಂತು ಹೊಳವಾಗಿತ್ತು. ಕೋಳಿ ಕೂಗುವಾಗಲೇ ಎದ್ದು ಗುದ್ದಲಿ ತೆಗೆದುಕೊಂಡೆ. ಕಿಂಡಿಯ ಬುಡದಿಂದ ಶುರು ಮಾಡಿ, ಗೂಡನ್ನು ಬಳಸಿ, ಮಗ್ಗುಲ ಸಂದಿಯಲ್ಲಿ ಕಾಲುವೆ ತೆಗೆದೆ. ನೆನೆದ ಮಣ್ಣು, ಹೊಡೆದ ಕಡೆ ಬಂತು. ಅತ್ತೆ ಕೊಡ ಹಿಡಿದು ಬಂದವರು ನೋಡುತ್ತ ನಿಂತರು. ಬೈಯುತ್ತಾರೆ ಎಂದುಕೊಂಡೆ. "ಇಲ್ಲಿ ಒಂಚೂರು ಆಳ ತೆಗಿ, ಗೋಡೆಗೆ ಹೊಡ್ದಾತು" ಎಂದು ಹೇಳಿ ನೀರಿಗೆ ಹೋದರು.

ಜಗಲಿಯ ಮುಂದೆ ಉದ್ದಕ್ಕೂ ಎಳೆದು ಓಣಿಗೆ ಬಿಟ್ಟು ಸಂದಿಗೆ ಹಿಂತಿರುಗಿದೆ. ಮಾವ ಎದ್ದು ಬಂದು, ಸಂತೆಗೆ ಕೋಳಿ ತುಂಬುವ ಮಂಕರಿಯನ್ನು ಪಕ್ಕದಲ್ಲಿಟ್ಟುಕೊಂಡು, ಕಾಲು ಇಳಿಬಿಟ್ಟು ಕೂತರು. ಅಷ್ಟರಲ್ಲಿ ಮೇಲ್ಮನೆಯಲ್ಲಿ ಸ್ನಾನ ಶುರುವಾಯಿತು. ಸಂದಿಯ ಬಾಯಲ್ಲಿ ಕಟ್ಟೆ ಹಾಗೆ ಅಡ್ಡ ಬಿಟ್ಟಿದ್ದ ಕೊನೆಯ ಗುದ್ದಲಿ ಮಣ್ಣನ್ನು ನಾನು ಎಳೆದೆ. ಸೋಪಿನ ನೊರೆ, ಹಿಂದಿನ ದಿನದ ಪಾಯಸ, ಕೊಳೆತ ಬಾಳೆಲೆ ಚೂರು ಎಲ್ಲ ಸಂದಿಯಲ್ಲಿ ಹರಿದು ಜಗಲಿಯ ಮುಂದೆ ಹೋಯಿತು.

"ಇದೇನಮ್ಮೀ ಇದು!"

"ನೀವು ಕೈ ತೋರ್ಸಿದ ಕಡೆಗೇ ಮಾವ."

ಮಾವ ಎರಡೂ ಕಾಲು ಮೇಲಕ್ಕೆತ್ತಿಕೊಂಡರು. ಎಲೆಯಡಿಕೆ ಉಗಿದು, ದಿಣ್ಣೆಯ ಕಡೆ ತಿರುಗಿ, "ಸ್ವಾಮೇ! ಬನ್ನಿ ಇಲ್ಲಿ! ಮೊದ್ಲು ಆ ಕಿಂಡಿ ಮುಚ್ಸಿ!" ಎಂದು ಕೂಗಿದ ಕೂಗಿಗೆ ಓಣಿಯ ನಾಯಿಗಳೆಲ್ಲ ಎದ್ದವು.

ಅವರ ಪಕ್ಕದಲ್ಲಿದ್ದ ಮಂಕರಿಯನ್ನು ಎತ್ತಿಕೊಂಡೆ. ಹಿತ್ತಲಿಗೆ ಹೋಗಿ ಗೂಡು ಕೆರೆದು, ಅತ್ತೆ ಪಾತ್ರೆ ತಿಕ್ಕಲು ಇಟ್ಟುಕೊಂಡಿದ್ದ ಬೂದಿಯನ್ನು ಪೂರಾ ತಂದು ಹಾಸಿದೆ. ಮಂಕರಿಗೆ ಒಣ ಹುಲ್ಲು ತುಂಬಿ ಮುದಿ ಹ್ಯಾಟೆಯನ್ನು ಅದರೊಳಗೆ ಕೂರಿಸಿದೆ.