ಕಬ್ಬಿನ ಹಾಲಿನ ಕೈ

ಬಾಳಗಡಿಯಲ್ಲಿ, ಕಾಲೇಜಿಗೆ ಹೋಗುವ ದಾರಿಯ ಪಕ್ಕ ನಾನೂ ನನ್ನ ಹೆಂಡತಿಯೂ ಕಬ್ಬಿನ ಹಾಲಿನ ಅಂಗಡಿ ಇಟ್ಟು ಹನ್ನೊಂದು ವರ್ಷವಾಯಿತು. ನನಗೆ ಸಕ್ಕರೆ ಕಾಯಿಲೆ ಬಂದದ್ದು ಮೂರು ವರ್ಷದ ಹಿಂದೆ. ದಿನವಿಡೀ ಊರಿಗೆ ಸಿಹಿ ಹಿಂಡಿ ಕೊಡುವವನೇ ಸಿಹಿ ಮುಟ್ಟುವಂತಿಲ್ಲ ಎಂದು ಗಿರಾಕಿಗಳು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹೆಂಡತಿ ನಗುತ್ತಿರಲಿಲ್ಲ. ನರಸಿಂಹರಾಜಪುರದ ತವರಿನಲ್ಲಿ ಅವಳ ಅಪ್ಪ ಇದೇ ಕಾಯಿಲೆಯಿಂದ ಒಂದು ಕಾಲು ಕಳೆದುಕೊಂಡಿದ್ದರು. ಆ ಗಾಯಕ್ಕೆ ತಿಂಗಳುಗಟ್ಟಲೆ ಪಟ್ಟಿ ಕಟ್ಟಿದವಳು ಅವಳು.

ಮನೆಯಲ್ಲೇ ರಕ್ತ ನೋಡುವ ಚಿಕ್ಕ ಮೆಷಿನ್ ತರಿಸಿದವಳೂ ಅವಳೇ. ಬೆಳಿಗ್ಗೆ ಮನೆಯಲ್ಲಿ ಒಂದು ಸಲ, ಮಧ್ಯಾಹ್ನ ಊಟಕ್ಕೆ ಮುಂಚೆ ಅಂಗಡಿಯಲ್ಲಿ ಒಂದು ಸಲ ಬೆರಳು ಚುಚ್ಚಿ ನೋಡುತ್ತಿದ್ದೆವು. ಬೆಳಿಗ್ಗೆ ನೂರಹತ್ತು, ನೂರಿಪ್ಪತ್ತು ಬರುತ್ತಿತ್ತು. ಮಧ್ಯಾಹ್ನ ಇನ್ನೂರೈವತ್ತು, ಕೆಲವು ದಿನ ಮುನ್ನೂರು.

“ಕದ್ದು ಕುಡೀತೀರಿ ನೀವು,” ಎಂದಳು ಒಂದು ದಿನ.

“ಒಂದು ಹನಿ ಕುಡ್ದಿಲ್ಲ ಮಾರಾಯ್ತಿ.”

“ಹಂಗಾದ್ರೆ ಮೆಷಿನ್ ಸುಳ್ಳು ಹೇಳ್ತದಾ?”

ಬೆಳಿಗ್ಗೆ ನಿಜ ಹೇಳಿದ ಮೆಷಿನ್ ಮಧ್ಯಾಹ್ನ ಸುಳ್ಳು ಹೇಳುತ್ತದೆ ಎನ್ನುವುದಾದರೂ ಹೇಗೆ? ನಾವು ಬರೆದಿಟ್ಟದ್ದನ್ನು ನೋಡಿ ಡಾಕ್ಟರು ಮಾತ್ರೆ ಜಾಸ್ತಿ ಮಾಡಿದರು. ನಾನು ಯಾರಿಗೂ ಹೇಳದೆ ಮಧ್ಯಾಹ್ನದ ಊಟವನ್ನು ಅರ್ಧಕ್ಕೆ ಇಳಿಸಿದೆ.

ಶಿವರಾತ್ರಿ ಕಳೆದು ಬಿಸಿಲು ಏರಿದ್ದ ಕಾಲ. ಒಂದು ಮಧ್ಯಾಹ್ನ ಗಾಣಕ್ಕೆ ಕಬ್ಬು ಕೊಡುತ್ತಿದ್ದ ಕೈ ನಡುಗಲು ಶುರುವಾಯಿತು. ಅಂಗಿ ಬೆವರಿನಲ್ಲಿ ತೊಯ್ದು ಹೋಯಿತು. ಹೆಂಡತಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಬೆರಳು ಚುಚ್ಚಿದಳು. ಇನ್ನೂರೆಂಬತ್ತಾರು.

“ಏರಿದೆ. ಏನೂ ತಿನ್ಬೇಡಿ,” ಎಂದವಳೇ ಅಂಗಡಿ ಹಾಗೇ ಬಿಟ್ಟು, ಮೆಷಿನ್ ಚೀಲಕ್ಕೆ ಹಾಕಿಕೊಂಡು, ಆಟೋ ಹಿಡಿದು ಕೊಪ್ಪಕ್ಕೆ ಕರೆದುಕೊಂಡು ಹೋದಳು. ಡಾಕ್ಟರು ಊಟಕ್ಕೆ ಹೋಗಿದ್ದರು. ಪಕ್ಕದ ಲ್ಯಾಬಿನಲ್ಲಿ ರಕ್ತ ತೆಗೆಯುವ ಹುಡುಗಿ ಒಬ್ಬಳೇ ಇದ್ದಳು. ನನ್ನ ಮುಖ ನೋಡಿದವಳೇ ನಲ್ಲಿಯ ಹತ್ತಿರ ಕರೆದೊಯ್ದು, ಸೋಪು ಹಾಕಿಸಿ ಕೈ ತೊಳೆಸಿ, ಒರೆಸಿ, ಚುಚ್ಚಿದಳು. ಐವತ್ತನಾಲ್ಕು. ನಮ್ಮ ಮೆಷಿನ್ನಿನಲ್ಲೂ ನೋಡಿದಳು. ಐವತ್ತೇಳು. ತಕ್ಷಣ ನೀರಿಗೆ ಗ್ಲೂಕೋಸ್ ಪುಡಿ ಕದಡಿ ನನ್ನ ಬಾಯಿಗೆ ಹಿಡಿದಳು.

ಹೆಂಡತಿ ಲೋಟಕ್ಕೆ ಕೈ ಅಡ್ಡ ಹಾಕಿದಳು. “ಬೇಡ ಮೇಡಂ, ಈಗಷ್ಟೇ ಅಂಗಡೀಲಿ ಇನ್ನೂರೆಂಬತ್ತಾರು ಇತ್ತು.”

“ಇಲ್ಲ ಅಕ್ಕ, ಇವರಿಗೆ ಶುಗರ್ ಇಳಿದಿದೆ. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ರೆ ಪ್ರಜ್ಞೆ ತಪ್ತಿತ್ತು. ಕುಡೀರಿ ಅಣ್ಣ.”

ಕಾಲು ಗಂಟೆಯಲ್ಲಿ ನಡುಕ ನಿಂತಿತು. ಆಮೇಲೆ ಆ ಹುಡುಗಿ ಕೇಳಿದಳು, “ಎಂತ ಕೆಲಸ ನಿಮ್ದು?”

ಹೇಳಿದೆ.

“ಚುಚ್ಚೋ ಮುಂಚೆ ಕೈ ತೊಳ್ದಿದ್ರಾ?”

“ಬಟ್ಟೆಗೆ ಒರೆಸ್ಕೊಂಡಿದ್ದೆ.”

ಹೆಂಡತಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಅದನ್ನು ಕಂಡು ಆ ಹುಡುಗಿ ತನ್ನ ಬೆರಳನ್ನೇ ಗ್ಲೂಕೋಸ್ ನೀರಿನಲ್ಲಿ ಅದ್ದಿ, ಬಟ್ಟೆಗೆ ಒರೆಸಿ, ಆರಲು ಬಿಟ್ಟು, ನಮ್ಮ ಮೆಷಿನ್ನಿಗೆ ಒಂದು ತೊಟ್ಟು ರಕ್ತ ಕೊಟ್ಟಳು. ಇನ್ನೂರನಲವತ್ತು. ಕೈ ತೊಳೆದು ಬಂದು ಇನ್ನೊಂದು ಬೆರಳು ಚುಚ್ಚಿಕೊಂಡಳು. ತೊಂಬತ್ತೆರಡು.

“ಮೆಷಿನ್ ಕೆಟ್ಟಿಲ್ಲ ಅಕ್ಕ. ಬೆರಳ ಮೇಲಿದ್ದ ಸಿಹಿನೂ ಸೇರಿಸಿ ತೋರಿಸಿದೆ, ಅಷ್ಟೇ. ಲ್ಯಾಬಿಗೂ ಇದಕ್ಕೂ ಸ್ವಲ್ಪ ವ್ಯತ್ಯಾಸ ಇದ್ದೇ ಇರ್ತದೆ. ಆದ್ರೆ ಇಷ್ಟು ದೊಡ್ಡ ಅಂತರ ಬಂದ್ರೆ ಕೈ ತೊಳ್ದು ಮತ್ತೆ ನೋಡಿ. ಕೈ ನಡುಗಿದ್ರೆ, ಬೆವರಿದ್ರೆ, ಮೆಷಿನ್ ಏನೇ ಹೇಳ್ಲಿ, ತಡ ಮಾಡ್ದೆ ಏನಾದ್ರೂ ಸಿಹಿ ಕೊಡಿ.”

ಯಾರೋ ಗುರುತಿಲ್ಲದವರಿಗೆ ಅರ್ಥವಾಗಲಿ ಎಂದು ತನ್ನ ಬೆರಳನ್ನೇ ಎರಡು ಸಲ ಚುಚ್ಚಿಕೊಂಡಳಲ್ಲ, ಅದನ್ನು ಇವತ್ತಿಗೂ ಮರೆತಿಲ್ಲ. ಆ ಹೊತ್ತಿಗೆ ಕೈಮುಗಿದೆ.

ಡಾಕ್ಟರು ಬಂದು, ನಾನು ಊಟ ಅರ್ಧ ಮಾಡಿದ್ದೂ ಸೇರಿ ಎಲ್ಲ ಕೇಳಿ, ಮಾತ್ರೆಯನ್ನು ಮೊದಲಿನಷ್ಟಕ್ಕೇ ಇಳಿಸಿದರು. ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಬಾಳಗಡಿಯಲ್ಲಿ ಇಳಿದ ಮೇಲೆ, “ನಿಮ್ಮ ಮಾತು ನಂಬ್ಲಿಲ್ಲ ನಾನು,” ಎಂದಳು.

“ಕೊನೆಕೊನೆಗೆ ನನಗೇ ನಂಬಿಕೆ ಇರ್ಲಿಲ್ಲ ಬಿಡು,” ಎಂದೆ.

ಮಾರನೆಯ ದಿನ ಅಂಗಡಿಗೆ ಬುತ್ತಿ ತಂದವಳು ಅನ್ನ ಬಡಿಸಿ, ನಾನು ತಟ್ಟೆ ಖಾಲಿ ಮಾಡುವವರೆಗೂ ಎದುರಿಗೇ ಕೂತಿದ್ದಳು. ತಿಂಗಳಿಂದ ಅರೆಹೊಟ್ಟೆಯಲ್ಲಿದ್ದವನು ಅಂದು ಹೊಟ್ಟೆ ತುಂಬ ಉಂಡೆ.