ಬೆಚ್ಚಗಿನ ಅಂಗೈ: ಭಾಲ್ಕಿಯಿಂದ ಎಕಂಬಾದವರೆಗೆ

ಬೀದರದ ಧಾನ್ಯಪೇಟೆ ಗಾಂಧಿ ಗಂಜದ ಎದುರು ಹೊಸ ತೊಗರಿಯ ಲಾರಿಗಳು ಅಡ್ಡ ನಿಂತಿದ್ದವು. ನಮ್ಮ ಆಟೋ ಇಪ್ಪತ್ತು ನಿಮಿಷ ಕದಲಲಿಲ್ಲ. ಭಾಲ್ಕಿಗೆ ಹೋಗುವ ಬಸ್ಸು ತಪ್ಪಿತು. ಸುಗ್ಗಿಯ ದಿನಗಳಲ್ಲಿ ಬೀದರ ಬಸ್‌ಸ್ಟ್ಯಾಂಡಿಗೆ ಹೋಗುವವರು ಗಂಜದ ದಾರಿ ಹಿಡಿಯಬೇಡಿ, ಸುತ್ತು ಹಾಕಿದರೂ ಬೇಗ ಮುಟ್ಟುತ್ತೀರಿ. ಮುಂದಿನ ಬಸ್ಸಿನಲ್ಲಿ ಸೀಟು ಸಿಕ್ಕಿತು. ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೀಟಿಗೆ ದುಡ್ಡಿಲ್ಲ, ಆಧಾರ್ ಕಾರ್ಡು ತೋರಿಸಿದರೆ ಸಾಕು. ಚೌಕಾಶಿಗೆ ಜಾಗವೇ ಇಲ್ಲದ ಪ್ರಯಾಣ ನನಗೆ ಸ್ವಲ್ಪ ಸಪ್ಪೆ.

ನಾನು ಒಂದು ಕಾಲಕ್ಕೆ ನರ್ಸಿಂಗ್ ಹೋಮಿನಲ್ಲಿ ನೆಲ ಒರೆಸುತ್ತಿದ್ದವಳು. ಈಗ ಹಾಸಿಗೆ ಹಿಡಿದವರ ಆರೈಕೆಗೆ ಮನೆಮನೆಗೆ ಹೆಣ್ಣುಮಕ್ಕಳನ್ನು ಕಳಿಸುತ್ತೇನೆ. ಅವರಲ್ಲೆಲ್ಲ ಕೈ ಪಳಗಿದವಳು ಕಮಲನಗರದ ಸುನಂದಾ. ಪಕ್ಕದ ಸೀಟಿನಲ್ಲಿ ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತವಳು ಅವಳೇ. ಎರಡು ವರ್ಷ ಅವಳು ಬೀದರದಲ್ಲಿ ಒಬ್ಬ ಆಜಿಯನ್ನು ನೋಡಿಕೊಂಡಳು. ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಉಣ್ಣಲು ಅಡುಗೆಮನೆಗೆ ಹೋದಾಗ, ಆ ಹತ್ತು ನಿಮಿಷದಲ್ಲಿ, ಆಜಿ ತೀರಿಕೊಂಡರು. ವಯಸ್ಸಾದ ಜೀವ, ಯಾರ ತಪ್ಪೂ ಅಲ್ಲ ಎಂದು ಡಾಕ್ಟರೂ ಹೇಳಿದರು, ಮನೆಯವರೂ ಹೇಳಿದರು. ಅಂದಿನಿಂದ ಸುನಂದಾ ಮಧ್ಯಾಹ್ನ ಉಣ್ಣುವುದನ್ನೇ ಬಿಟ್ಟಳು. ಈಗ ಕೆಲಸವನ್ನೂ ಬಿಡುತ್ತೇನೆ ಎನ್ನುತ್ತಿದ್ದಳು. ಔರಾದ್ ತಾಲೂಕಿನ ಎಕಂಬಾದಲ್ಲಿ ಲಕ್ವಾ ಹೊಡೆದ ಇನ್ನೊಬ್ಬ ಆಜಿಗೆ ಆಸರೆ ಬೇಕಿತ್ತು. "ನೋಡಿ ಬರ್ತೇನಿ, ಇರ್ತೇನಿ ಅಂತ ಮಾತ್ರ ಹೇಳಲ್ಲ" ಎಂಬ ಕರಾರಿನ ಮೇಲೆ ಹೊರಟಿದ್ದಳು. ಅವಳು ಬಿಟ್ಟರೆ ನನಗೆ ನಷ್ಟ, ಅದನ್ನೇನೂ ಮುಚ್ಚಿಡುವುದಿಲ್ಲ.

ದಾರಿಯಲ್ಲಿ ಭಾಲ್ಕಿಯಲ್ಲಿ ಇಳಿಯಲು ಕಾರಣ ಒಂದು ದಿನದ ಶಿಬಿರ. ನರ್ಸುಗಳು, ಆಯಾಗಳು, ಆಶಾ ಕಾರ್ಯಕರ್ತೆಯರು ತಮ್ಮ ಮೇಲೆ ತಾವೇ ಕರುಣೆ ತೋರಿಸುವುದನ್ನು ಅಲ್ಲಿ ಕಲಿಸುತ್ತಾರೆ ಎಂದು ಕೇಳಿದ್ದೆ. ಕಲಿಸುವವರು ರಮಾ ಮೇಡಂ, ರಿಟೈರಾದ ನರ್ಸು. ಫೋನಿನಲ್ಲಿ ಫೀ ಇಳಿಸಿ ಎಂದು ಕೇಳಿದ್ದಕ್ಕೆ, "ಅರ್ಧ ತಗೋತೇನ್ರಿ, ಆದ್ರ ನೀವೂ ಕೂಡಬೇಕು" ಎಂದಿದ್ದರು. ಅಷ್ಟು ಬೇಗ ಒಪ್ಪಿದವರ ಮುಂದೆ ನಾನು ಯಾವತ್ತೂ ಹುಷಾರಾಗಿರುತ್ತೇನೆ.

ನಲವತ್ತು ಕಿಲೋಮೀಟರಿನ ಆಸುಪಾಸು ದಾರಿ. ಬೀದರದ ಕೆಂಪು ನೆಲ ಹಿಂದೆ ಉಳಿದು ಕರಿ ಮಣ್ಣು ಬಂತು, ಹೊಲದ ತುಂಬ ಕಡಲೆ. ಹತ್ತಕ್ಕೆ ಭಾಲ್ಕಿ. ಸ್ಟ್ಯಾಂಡಿನ ಎದುರು ಚುರುಮುರಿಯ ಸುಸಲಾ, ಮಿರ್ಚಿ, ಚಹಾ. ಮಿರ್ಚಿ ಬಿಸಿಯಿದ್ದರೆ ಮಾತ್ರ ತಿನ್ನಿ.

ಒಂದು ಕಲ್ಯಾಣ ಮಂಟಪದ ಮೇಲಂತಸ್ತಿನಲ್ಲಿ ಚಾಪೆ ಹಾಸಿದ್ದರು, ಮೂವತ್ತು ಜನ ಇದ್ದೆವು. "ಎದಿ ಮ್ಯಾಲ ಕೈ ಇಡ್ರಿ. ಉಸಿರು ಹ್ಯಾಂಗ ಬರ್ತದ, ಹ್ಯಾಂಗ ಹೋಗ್ತದ, ಸುಮ್ಮ ನೋಡ್ರಿ" ಎಂದರು ಮೇಡಂ. ಎಲ್ಲರೂ ಎದೆಯ ಮೇಲೆ ಕೈಯಿಟ್ಟೆವು. ಒಂದು ನಿಮಿಷ ಆಗಿತ್ತೋ ಇಲ್ಲವೋ, ಹಿಂದಿನಿಂದ ಒಬ್ಬಳು ಕೂಗಿದಳು: "ಇಪ್ಪತ್ತೆರಡ್ರಿ, ಮೇಡಂ!"

"ಏನವ್ವಾ ಇಪ್ಪತ್ತೆರಡು?"

"ಉಸಿರು ರಿ. ನಿಮಿಷಕ್ಕ."

ನೋಡಿದರೆ ಅರ್ಧಕ್ಕರ್ಧ ಜನ ಗೋಡೆ ಗಡಿಯಾರವನ್ನೇ ದಿಟ್ಟಿಸುತ್ತಿದ್ದರು. ಇಬ್ಬರಂತೂ ಎದೆ ಬಿಟ್ಟು ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನಾನೂ ಹದಿನೆಂಟರವರೆಗೆ ಎಣಿಸಿದ್ದೆ.

"ರಿಪೋರ್ಟ್ ಯಾರಿಗಿ ಕೊಡ್ತೀರಿ? ಇವತ್ತ ಡಾಕ್ಟರ್ ರಜಾದಾಗ ಅದಾರ!" ಎಂದರು ಮೇಡಂ. ನಕ್ಕು ನಕ್ಕು ಎಲ್ಲರ ಮೈ ಸಡಿಲಾಯಿತು. ಆಮೇಲೆ ಅವರು ಸಾವಕಾಶವಾಗಿ ಹೇಳಿದರು, ಮಂದಿಯ ಮೈಯನ್ನು ಇಷ್ಟು ವರ್ಷ ಎಣಿಸಿದವರಿಗೆ ತಮ್ಮ ಮೈಯೂ ಒಂದು ಕೇಸಿನಂತೆಯೇ ಕಾಣುತ್ತದೆ. ಮೊದಲು 'ನನಗೆ ನೋವಾಗಿದೆ' ಎಂದು ಒಪ್ಪಿಕೊಳ್ಳಿ. ಈ ಕೆಲಸ ಮಾಡುವ ಎಲ್ಲರಿಗೂ ಆಗುತ್ತದೆ, ನಿಮಗೊಬ್ಬರಿಗೇ ಅಲ್ಲ. ಗೆಳತಿಗೆ ಇದೇ ಆಗಿದ್ದರೆ ಏನು ಹೇಳುತ್ತಿದ್ದಿರೋ ಅದನ್ನೇ ನಿಮಗೆ ಹೇಳಿಕೊಳ್ಳಿ.

ಇಷ್ಟೇನಾ ಎನ್ನಿಸಿತು ನನಗೆ. ಅರ್ಧ ಫೀ ಕೂಡ ಹೆಚ್ಚಾಯಿತು ಎಂದುಕೊಂಡೆ. ಅಷ್ಟರಲ್ಲಿ ಸುನಂದಾ ಎದ್ದು ನಿಂತು ಆಜಿಯ ಕಥೆ ಹೇಳಿದಳು.

"ಗೆಳತಿಗಿ ಏನಂತಿದ್ದಿ?" ಕೇಳಿದರು ಮೇಡಂ.

"ಹಸಿವಿಗಿ ಉಂಡಿದಿ, ತಪ್ಪೇನದ ಅಂತಿದ್ದೆ ರಿ."

"ಮತ್ತ ನಿಂಗ?"

"ನಂಗ ಅನ್ಲಾಕ ಬಾಯಿ ಬರವಲ್ದು ರಿ."

ಮೇಡಂ ಒತ್ತಾಯ ಮಾಡಲಿಲ್ಲ. "ಪೇಶಂಟಿಗಿ ಮುಟ್ಟೂ ಮುಂಚೆ ಏನ್ ಮಾಡ್ತಿ?" ಎಂದರು.

"ಅಂಗೈ ತಿಕ್ಕಿ ಬೆಚ್ಚಗ ಮಾಡ್ಕೋತೇನಿ. ಹೇಳ್ತೇನಿ: ಆಜಿ, ಮುಟ್ಲಾಕತ್ತೇನಿ, ಹೊಳ್ಳಸ್ಲಾಕತ್ತೇನಿ ಅಂತ. ಹೇಳ್ದೇ ಮುಟ್ಟಿದ್ರ ಅಂಜ್ತಾರ ರಿ."

"ಹಂಗೇ ಮಾಡು."

ಸುನಂದಾ ಅಂಗೈ ತಿಕ್ಕಿದಳು. ಬಹಳ ಹೊತ್ತು ತಿಕ್ಕಿದಳು. "ಸುನಂದಾ, ಮುಟ್ಲಾಕತ್ತೇನಿ, ಅಂಜಬ್ಯಾಡ" ಎಂದು ಎರಡೂ ಕೈ ಎದೆಯ ಮೇಲಿಟ್ಟುಕೊಂಡಳು. ಆ ಕೈಗಳು ಎಷ್ಟೋ ಬೆನ್ನುಗಳನ್ನು ಹೊರಳಿಸಿದ್ದನ್ನು, ಎಷ್ಟೋ ಹುಣ್ಣು ಒರೆಸಿದ್ದನ್ನು ನಾನು ಕಂಡಿದ್ದೇನೆ. ಒಮ್ಮೆಯೂ ಅವು ತಮ್ಮ ಒಡತಿಯ ಕಡೆಗೆ ತಿರುಗಿದ್ದನ್ನು ಕಂಡಿರಲಿಲ್ಲ. ಉಳಿದ ಹೆಣ್ಣುಮಕ್ಕಳೂ ಒಬ್ಬೊಬ್ಬರೇ ಅಂಗೈ ತಿಕ್ಕತೊಡಗಿದರು. ಒಣ ಎಲೆಯ ಮೇಲೆ ಗಾಳಿ ಸುಳಿದಂತೆ ಸದ್ದು. ಬೀದರದ ಕೋಟೆಯನ್ನು ಮೊದಲ ಸಲ ನೋಡಿದಾಗಲೂ ನಾನು ಹಾಗೆ ಬಾಯಿಬಿಟ್ಟು ನಿಂತಿರಲಿಲ್ಲ. ನಾನೂ ತಿಕ್ಕಿದೆ. ನನ್ನ ಕೈ ಇಷ್ಟು ತಣ್ಣಗಿದೆ ಎಂದು ಅಂದೇ ಗೊತ್ತಾಯಿತು.

ಆದರೂ ಮಧ್ಯಾಹ್ನ ಅವಳು ಉಣ್ಣಲಿಲ್ಲ. ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಇಟ್ಟಿದ್ದರು. "ಅತ್ರೂ ಹತ್ತು ನಿಮಿಷ, ಉಂಡ್ರೂ ಹತ್ತು ನಿಮಿಷ, ಒಂದೇ ಟೈಮ್ ನೋಡವ್ವಾ" ಎಂದೆ. "ಎಲ್ಲಾದಾಗೂ ಹಿಸಾಬ್ ಮಾಡ್ತೀ ನೋಡಕ್ಕಾ ನೀ" ಎಂದು ನಕ್ಕಳು, ತಟ್ಟೆ ಮಾತ್ರ ಮುಟ್ಟಲಿಲ್ಲ.

ಭಾಲ್ಕಿಯಲ್ಲಿ ನನ್ನ ಮೈದುನನ ಮನೆಯಲ್ಲಿ ತಂಗಿ ಮರುದಿನ ಬೆಳಿಗ್ಗೆ ಔರಾದಿಗೆ ಹೋದೆವು. ಅಲ್ಲಿಂದ ಟಂಟಂ ಆಟೋ. ಡ್ರೈವರ್ ತಲೆಗೆ ನಲವತ್ತು ರೂಪಾಯಿ ಕೇಳಿದ. ಚೀಲ ಹಿಡಿದು ಎರಡು ಹೆಜ್ಜೆ ನಡೆದದ್ದೇ ಇಪ್ಪತ್ತೈದಕ್ಕೆ ಇಳಿದ. ನೀವೂ ನಡೆಯಿರಿ, ತಿರುಗಿ ಮಾತ್ರ ನೋಡಬೇಡಿ.

ಎಕಂಬಾದ ಮನೆಯಲ್ಲಿ ಆಜಿ ಕಿಟಕಿಯ ಬಳಿ ಮಲಗಿದ್ದರು. ಎಡಗೈ ಆಡುತ್ತಿರಲಿಲ್ಲ, ಮಾತೂ ಇರಲಿಲ್ಲ, ಕಣ್ಣು ಮಾತ್ರ ಚುರುಕು. ಅವರ ಸೊಸೆ, ಶಾಲೆಯ ಟೀಚರು, ರಜೆ ಮುಗಿಯಿತೆಂದು ಗಾಬರಿಯಲ್ಲಿದ್ದರು. "ಇರ್ತೀರೇನ್ರಿ?" ಎಂದರು. ಸುನಂದಾ ಚೀಲ ಮೂಲೆಗಿಟ್ಟು ಅಂಗೈ ತಿಕ್ಕಿದಳು, ಮುಟ್ಟುವ ಮುಂಚೆ ಆಜಿಗೆ ಹೇಳಿದಳು, ಹೊರಳಿಸಿದಳು, ಬೆನ್ನು ಒರೆಸಿದಳು.

ಒಂದು ಗಂಟೆಗೆ ಸೊಸೆ ಊಟಕ್ಕೆ ಕರೆದರು. ನಾನು ಸುನಂದಾಳ ಕಡೆ ನೋಡಿದೆ. ಸುನಂದಾ ಮಂಚದ ಬಳಿ ನಿಂತು ಅಂಗೈ ತಿಕ್ಕಿ ಒಮ್ಮೆ ತನ್ನ ಎದೆಯ ಮೇಲಿಟ್ಟುಕೊಂಡಳು. ಆಮೇಲೆ ಬಾಗಿ ಆಜಿಯ ಕಿವಿಯ ಹತ್ತಿರ ಹೇಳಿದಳು:

"ಆಜಿ, ನಂಗ ಹಸಿವಿ ಆಗೇದ ರಿ. ಉಂಡು ಬರ್ತೇನಿ."

ಆಜಿ ಒಮ್ಮೆ ಕಣ್ಣು ಮುಚ್ಚಿ ತೆರೆದರು.

ನಾನು ಎರಡಕ್ಕೆ ಒಬ್ಬಳೇ ಹೊರಟೆ. ಟಂಟಂ ತಿರುಗುವಾಗ ಹಿಂದೆ ನೋಡಿದೆ. ಸುನಂದಾ ಅಂಗಳದಲ್ಲಿ ತಾನು ಉಂಡ ತಟ್ಟೆ ತೊಳೆದು ಬಿಸಿಲಿಗೆ ಬೋರಲು ಹಾಕುತ್ತಿದ್ದಳು. ಡ್ರೈವರ್ ಮೂವತ್ತು ಕೇಳಿದ. ನಾನು ಮಾತಿಲ್ಲದೆ ಕೊಟ್ಟೆ.