ಹೇರಳೆಕಾಯಿಯ ಮೇಲೆ ಮೂರು ಗೀರು

ನೀಲಗಂಗಮ್ಮನಿಗೆ ಹಗೆಯೂ ಒಂದು ಬೇಸಾಯವೇ. ಬಿತ್ತಿದ್ದು ಮೊಳೆಯುವವರೆಗೆ ಕಾಯಬಲ್ಲ ಹೆಂಗಸು ಅವಳು. ಗಂಡ ತೀರಿಕೊಂಡಾಗ "ಹೆಂಗಸು ತೋಟ ಏನ್ ನೋಡ್ಕೋತಾಳೆ, ಮಾರ್ಬಿಡ್ಲಿ" ಅಂದಿದ್ದ ಮೈದುನನಿಗೆ ಆವತ್ತಿನಿಂದ ಆ ಮನೆಯಲ್ಲಿ ಸಕ್ಕರೆ ಹಾಕಿದ ಕಾಫಿ ಸಿಕ್ಕಿಲ್ಲ. "ನಿಮಗೆ ಶುಗರ್ ಅಲ್ವಾ" ಎಂದು ನಗುತ್ತಲೇ ಲೋಟ ಮುಂದಿಡುತ್ತಾಳೆ. ಅವನಿಗೆ ಶುಗರೂ ಇಲ್ಲ, ಮಣ್ಣೂ ಇಲ್ಲ.

ಹಾಗೆ ಮಾರದೆ ಉಳಿಸಿಕೊಂಡ ತೋಟ ಗೊಟ್ಟಿಗೆರೆಯಲ್ಲಿದೆ. ಸುತ್ತ ಮನೆಗಳೂ ಅಪಾರ್ಟ್‌ಮೆಂಟುಗಳೂ ಎದ್ದಿವೆ. ಒಳಗೆ ಎರಡು ಹಸು, ಸೊಪ್ಪಿನ ಪಾತಿಗಳು, ಬೇಲಿಯುದ್ದಕ್ಕೂ ದಾಸವಾಳ, ಕಣಗಿಲೆ. ಬಾವಿಯ ಪಕ್ಕದಲ್ಲಿ ಒಂದು ಹೇರಳೆಕಾಯಿ ಮರ. ಆ ಕಾಯಿಯ ಗೊಜ್ಜು ಉಂಡವರು ಬೆರಳು ನೆಕ್ಕುತ್ತಾರೆ. ತೋಟದ ಅರ್ಧ ಕೆಲಸ ನೀಲಗಂಗಮ್ಮನದು, ಇನ್ನರ್ಧ ರಾಯಚೂರು ಕಡೆಯಿಂದ ಬಂದ ಯಲ್ಲವ್ವನದು. ಯಲ್ಲವ್ವ ಇಲ್ಲದಿದ್ದರೆ ಮೈದುನನ ಮಾತು ಎಂದೋ ನಿಜವಾಗುತ್ತಿತ್ತು.

ಈ ಸಲ ಮರದಿಂದ ಕಾಯಿ ಮಾಯವಾಗತೊಡಗಿತು. ಕೊಂಬೆ ಮುರಿದಿರಲಿಲ್ಲ, ಬೇಲಿ ಹರಿದಿರಲಿಲ್ಲ. ಯಾರೋ ಸಾವಧಾನವಾಗಿ ತೊಟ್ಟು ತಿರುಚಿ ಒಯ್ದಿದ್ದರು. ವಿಷಯ ಕೇಳಿ ಎಲ್ಲರಿಗಿಂತ ಹೆಚ್ಚು ಮರುಗಿದವರು ಎದುರುಮನೆಯ ತಿರುಮಲೇಶರು. ದೊಡ್ಡ ಹುದ್ದೆಯಲ್ಲಿದ್ದು ರಿಟೈರ್ ಆದವರು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಪಂಚೆ ಉಟ್ಟು, ಬಟ್ಟೆಚೀಲ ಹಿಡಿದು ತೋಟಕ್ಕೆ ಪೂಜೆಯ ಹೂವಿಗೆ ಬರುತ್ತಿದ್ದರು. "ದೇವರಿಗೆ ತಾನೆ, ಕಿತ್ಕೊಳ್ಳಿ ಸಾರ್" ಎಂದು ನೀಲಗಂಗಮ್ಮನೇ ಹೇಳಿದ್ದಳು. ಆ ಹೊತ್ತಿಗೆ ಅವಳು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುತ್ತಾಳೆ.

"ನಾನ್ ದಿನಾ ಬರ್ತೀನಲ್ಲಮ್ಮ, ಒಂದ್ ಕಣ್ಣಿಟ್ಟಿರ್ತೀನಿ" ಎಂದರು ತಿರುಮಲೇಶರು. ಕಣ್ಣಿಟ್ಟರು ಕೂಡ. ಒಂದು ದಿನ ಗೇಟಿನ ಹೊರಗೆ, ವಾಕಿಂಗ್ ಹೋಗುವವರೆಲ್ಲ ನಿಂತು ನೋಡುವಂತೆ, ಯಲ್ಲವ್ವನನ್ನು ತಡೆದರು.

"ಚೀಲ ಸುರಿಯಮ್ಮ, ನೋಡೋಣ. ಒಳಗಿನೋರೇ ಕಳ್ಳರು."

ಯಲ್ಲವ್ವ ಸುರಿದಳು. ಒಂದು ಬುತ್ತಿ ಡಬ್ಬಿ, ಒಂದು ಹಳೆ ಸೀರೆ, ನಾಲ್ಕು ಈರುಳ್ಳಿ. ಈರುಳ್ಳಿಗಳು ಉರುಳಿ ಚರಂಡಿ ಸೇರಿದವು. ಒಬ್ಬರೂ ಬಗ್ಗಲಿಲ್ಲ. ಗದ್ದಲ ಕೇಳಿ ನೀಲಗಂಗಮ್ಮ ಕೊಟ್ಟಿಗೆಯಿಂದ ಓಡಿಬರುವಷ್ಟರಲ್ಲಿ ಯಲ್ಲವ್ವ ರಸ್ತೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಸೀರೆ ಮಡಚುತ್ತಿದ್ದಳು.

"ಕಳ್ಳಿ ಅನ್ನಿಸ್ಕೊಂಡು ನಾ ಇಲ್ಲಿರಾಂಗಿಲ್ರಿ ಅವ್ವಾರ. ಗೌರಿ ಹಬ್ಬ ಆದ ಮ್ಯಾಲ ಊರಿಗಿ ಹೋಗ್ತೀನಿ" ಎಂದಳು.

ಕಳ್ಳ ಯಾರೇ ಆಗಲಿ, ಅವನನ್ನು ಇದೇ ಜಾಗದಲ್ಲಿ, ಇದೇ ಜನರ ಮುಂದೆ ನಿಲ್ಲಿಸದೆ ಬಿಡುವುದಿಲ್ಲ ಎಂದು ನೀಲಗಂಗಮ್ಮ ಹಣೆಯ ವಿಭೂತಿ ಮುಟ್ಟಿ ಆಣೆ ಮಾಡಿದಳು. ಅದೇ ಸಂಜೆ ತಲೆಯ ಪಿನ್ನು ತೆಗೆದು, ಮರದಲ್ಲಿ ಉಳಿದಿದ್ದ ಒಂದೊಂದು ಕಾಯಿಯ ಮೇಲೂ ತೊಟ್ಟಿನ ಹತ್ತಿರ ವಿಭೂತಿಯಂತೆಯೇ ಮೂರು ಅಡ್ಡ ಗೀರು ಎಳೆದಳು. ಕಾಯಿ ಬಲಿಯುತ್ತ ಗೀರು ಕಂದುಬಣ್ಣಕ್ಕೆ ತಿರುಗಿತು.

ಆಮೇಲೆ ಗಬ್ಬವಾಗಿದ್ದ ಇನ್ನೊಂದು ಹಸು ಕರು ಹಾಕಿತು. ಪದ್ಧತಿಯಂತೆ ನೀಲಗಂಗಮ್ಮ ಅಕ್ಕಪಕ್ಕದವರಿಗೆಲ್ಲ ಗಿಣ್ಣುಹಾಲು ಕಳಿಸಿದಳು. ತಿರುಮಲೇಶರ ಮನೆಗೂ ಹಿಡಿಕೆಯ ಒಂದು ದೊಡ್ಡ ಡಬ್ಬಿ ಹೋಯಿತು. ಮಾರನೇ ದಿನ ಅವರ ಹೆಂಡತಿ ಅಲಮೇಲಮ್ಮ ಡಬ್ಬಿ ತೊಳೆದು ತಾನೇ ತಂದುಕೊಟ್ಟಳು. ಕೊಟ್ಟವರ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದಲ್ಲ, ಒಳಗೆ ಒಂದು ಹೇರಳೆಕಾಯಿ ಇತ್ತು.

"ನಿಮ್ ಮರದಲ್ಲಿ ಕಳ್ಳರು ಏನೂ ಬಿಟ್ಟಿಲ್ವಂತೆ, ಪಾಪ. ನಮ್ಮನೆಯವರು ಬನಶಂಕರಿ ಮಾರ್ಕೆಟ್ಟಿಂದ ತರ್ತಾನೇ ಇರ್ತಾರೆ. ನಿಮಗೂ ಒಂದಿರ್ಲಿ ನೀಲಗಂಗಮ್ಮೋರೇ" ಎಂದಳು ಪುಣ್ಯಾತಗಿತ್ತಿ, ಮನಸ್ಸು ತುಂಬಿ.

ನೀಲಗಂಗಮ್ಮ ಕಾಯಿಯನ್ನು ತಿರುಗಿಸಿ ನೋಡಿದಳು. ತೊಟ್ಟಿನ ಹತ್ತಿರ ಮೂರು ಗೀರು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು! ಹೂವಿನ ಚೀಲದ ತಳದಲ್ಲಿ ಕಾಯಿ, ಮೇಲೆ ದಾಸವಾಳ. ಮಡಿಯಲ್ಲಿರುವವರ ಚೀಲವನ್ನು ಯಾರು ತಾನೇ ಮುಟ್ಟುತ್ತಾರೆ? ನೀಲಗಂಗಮ್ಮ ಎಲ್ಲವನ್ನೂ ನುಂಗಿಕೊಂಡು, "ನಾಳೆ ಬೆಳಿಗ್ಗೆ ಕರು ನೋಡೋಕೆ ಬನ್ನಿ ಅಮ್ಮಾ" ಎಂದಷ್ಟೇ ಹೇಳಿದಳು.

ಮರುದಿನ ಹಾಲು ಕರೆಯುವುದನ್ನು ತಡಮಾಡಿ ಗೇಟಿನ ಹೊರಗಿನ ಕಟ್ಟೆಯ ಮೇಲೆ ಕೂತಳು. ಕರು ಹುಟ್ಟಿದ ಖುಷಿಗೆ ಎಂದು ವಾಕಿಂಗ್ ಬಂದವರಿಗೆಲ್ಲ ಕಾಫಿ ಕೊಟ್ಟು ನಿಲ್ಲಿಸಿಕೊಂಡಳು. ಆ ದಿನ ಕೈಕಟ್ಟಿ ನೋಡಿದ್ದ ಪಕ್ಕದ ಮನೆಯ ರಾಮಪ್ರಸಾದನೂ ಇದ್ದ, ಅಲಮೇಲಮ್ಮನೂ ಬಂದಳು. ತೋಟದಿಂದ ತಿರುಮಲೇಶರು ಚೀಲ ಹಿಡಿದು ಹೊರಬಂದರು.

"ಸಾರ್, ಚೀಲ ಒಂಚೂರು ಸುರೀರಿ."

"ಏನಮ್ಮಾ ಇದು? ದೇವರ ಹೂವು! ಮಡೀಲಿದೀನಿ, ಯಾರೂ ಮುಟ್ಟಂಗಿಲ್ಲ." ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ತಿರುಮಲೇಶರು ಚೀಲವನ್ನು ಎದೆಗೆ ಅವಚಿಕೊಂಡರು.

"ನಾವ್ ಯಾರೂ ಮುಟ್ಟಲ್ಲ ಸಾರ್. ಯಲ್ಲವ್ವನೂ ಆವತ್ತು ತಾನೇ ಸುರಿದ್ಳು."

ನೀಲಗಂಗಮ್ಮ ಸೆರಗಿನಿಂದ ಕಾಯಿ ತೆಗೆದು ಅಲಮೇಲಮ್ಮನಿಗೆ ತೋರಿಸಿದಳು. "ನೀವು ಡಬ್ಬೀಲಿ ಕೊಟ್ಟಿದ್ದು. ಈ ಮೂರು ಗೀರು ಎಳೆದೋಳು ನಾನು, ನಮ್ ಮರದಲ್ಲೇ. ಇದು ಮಾರ್ಕೆಟ್ಟಿಗೆ ಹೆಂಗ್ ಹೋಯ್ತು ಅಂತ ಯಜಮಾನ್ರನ್ನ ಕೇಳಿ."

ಅಲಮೇಲಮ್ಮನ ಮುಖ ಬಿಳಿಚಿಕೊಂಡಿತು. ಅದನ್ನು ನೋಡಿ ನೀಲಗಂಗಮ್ಮನಿಗೆ ಪಾಪ ಎನಿಸಿತು. ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

"ನಂದೂ ಸ್ನಾನ ಆಗಿದೆ. ನಾನ್ ಮುಟ್ಟಬಹುದಲ್ಲ" ಎನ್ನುತ್ತ ಅಲಮೇಲಮ್ಮ ಗಂಡನ ಕೈಯಿಂದ ಚೀಲ ಕಿತ್ತುಕೊಂಡು ಬೋರಲು ಹಾಕಿದಳು. ಮೊದಲು ದಾಸವಾಳ ಉದುರಿತು. ಆಮೇಲೆ ದಬದಬನೆ ಕಾಯಿಗಳು. ಎಲ್ಲದರ ಮೇಲೂ ಮೂರು ಗೀರು.

"ಸುಮ್ನೆ ಹಾಳಾಗುತ್ತಲ್ಲಾಂತ..." ತಿರುಮಲೇಶರ ನಾಲಿಗೆ ತಡವರಿಸಿತು.

"ಕೇಳಿದ್ರೆ ಮಂಕರಿ ತುಂಬಾ ಕೊಡ್ತಿದ್ದೆ ಸಾರ್. ಕಾಯಿ ಹೋಗಿದ್ದಕ್ಕೆ ನನಗೆ ಸಿಟ್ಟಿಲ್ಲ. ಒಂದೊಂದೇ ಎತ್ತಿ ಯಲ್ಲವ್ವನ ಕೈಗೆ ಕೊಡಿ."

ತಿರುಮಲೇಶರು ಮಂಡಿ ಹಿಡಿದು ಬಗ್ಗಿದರು. ಜೊತೆಗೆ ಯಾರೂ ಬಗ್ಗಲಿಲ್ಲ. ತೋಟದೊಳಗಿಂದ ಬಂದ ಯಲ್ಲವ್ವ ಸೆರಗೊಡ್ಡಿ ನಿಂತಿದ್ದಳು. ಕೊನೆಯ ಕಾಯಿ ಬಿದ್ದಾಗ ಬಾಯಿಬಿಟ್ಟಳು.

"ಆವತ್ತ ನನ್ನ ನಾಕ ಉಳ್ಳಾಗಡ್ಡಿ ಚರಂಡಿಗಿ ಹೋದ್ವು ಸಾಹೇಬ್ರ. ಯಾರೂ ಎತ್ತಿ ಕೊಡ್ಲಿಲ್ರಿ."

"ತಪ್ಪಾಯ್ತಮ್ಮ" ಎಂದು ಗೊಣಗಿದರು ತಿರುಮಲೇಶರು.

"ಜೋರಾಗಿ ಹೇಳಿ ಸಾರ್. ಕಳ್ಳಿ ಅಂದಿದ್ದು ಬೀದಿಗೆಲ್ಲ ಕೇಳ್ಸಿತ್ತು" ಎಂದಳು ನೀಲಗಂಗಮ್ಮ.

ಜೋರಾಗಿಯೇ ಹೇಳಿದರು. ಗೌರಿ ಹಬ್ಬ ಬಂತು, ಹೋಯಿತು, ಯಲ್ಲವ್ವ ಊರಿಗೆ ಹೋಗಲಿಲ್ಲ.

ಆದರೆ ನೀಲಗಂಗಮ್ಮನ ಹಗೆ ಒಂದೇ ಬೆಳೆಗೆ ಮುಗಿಯುವಂಥದ್ದಲ್ಲ. ಆವತ್ತು ರಸ್ತೆಯಲ್ಲೇ ಉಳಿದಿದ್ದ ತಿರುಮಲೇಶರ ಬಟ್ಟೆಚೀಲವನ್ನು ಒಗೆದು, ಒಣಗಿಸಿ, ಒಳಗೆ ಮೂರು ಗೀರಿನ ಒಂದು ಕಾಯಿ ಇಟ್ಟು ಎದುರುಮನೆಗೆ ಕಳಿಸಿದಳು. ಯಲ್ಲವ್ವನೇ ಒಯ್ಯಬೇಕು, ಸಾಹೇಬರ ಕೈಗೇ ಕೊಡಬೇಕು. ಪ್ರತಿ ವರ್ಷದ ಮೊದಲ ಕಾಯಿಯೂ ಹೀಗೇ ಹೋಗಬೇಕು ಎಂದು ಅಪ್ಪಣೆ ಮಾಡಿದಳು.

ತಿರುಮಲೇಶರು ತಲೆತಗ್ಗಿಸಿ ಕಾಯಿ ತೆಗೆದುಕೊಂಡರು. ಅಲಮೇಲಮ್ಮ ಚೀಲವನ್ನು ಒಳಗೆ ಒಯ್ದು, ಮತ್ತೆ ತಂದು ಯಲ್ಲವ್ವನ ಕೈಗಿಟ್ಟಳು. ತೋಟಕ್ಕೆ ಬಂದು ಬಿಚ್ಚಿ ನೋಡಿದರೆ ಒಳಗೆ ನಾಲ್ಕು ಈರುಳ್ಳಿ ಇದ್ದವು.